ಹಿಡನ್ ಪ್ಯಾಲೇಸ್ ಎಲ್ಲಿ ಹೋಯಿತು?

(ಒಂದು ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಪರದೆಯಲ್ಲಿ ಚಿತ್ರ ತೋರಿಸಿ ವಿವರಿಸಿದ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಚಿತ್ರ ನೋಡಿ. 1992ರಲ್ಲಿ ವಿಡಿಯೋ ಗೇಮ್ ಪತ್ರಿಕೆಗಳಲ್ಲಿ ಬಂದದ್ದು. ನೆಲದಡಿಯ ಒಂದು ಗುಹೆ. ಅಲ್ಲಲ್ಲಿ ಹೊಳೆಯುವ ಹರಳುಗಳು. ನಡುವೆ ನೀಲಿ ಮೈಯ ಸಾನಿಕ್. ಸೆಗಾ ಕಂಪನಿಯ 'ಸಾನಿಕ್ ದ ಹೆಡ್ಜ್‌ಹಾಗ್ 2' ಇನ್ನೇನು ಬರಲಿದೆ ಅನ್ನುವ ಹೊತ್ತಿನ ಚಿತ್ರ ಇದು. ಈ ಲೆವೆಲ್‌ನ ಹೆಸರು ಹಿಡನ್ ಪ್ಯಾಲೇಸ್. ಅಡಗಿದ ಅರಮನೆ.

ಆಟ ಅಮೆರಿಕದಲ್ಲಿ ಬಿಡುಗಡೆಯಾದದ್ದು 1992ರ ನವೆಂಬರ್ 24ರಂದು. ಅವತ್ತು ಮಂಗಳವಾರ. ಟ್ಯೂಸ್‌ಡೇ ಪದದ ಮೊದಲ ಭಾಗದ ಬದಲು 2 ಅಂಕಿ ಹಾಕಿ ಸೆಗಾ ಅದನ್ನು 'ಸಾನಿಕ್ ಟೂಸ್‌ಡೇ' ಅಂತ ಪ್ರಚಾರ ಮಾಡಿತು. ಪತ್ರಿಕೆಯ ಚಿತ್ರ ನೋಡಿದ್ದ ಮಕ್ಕಳು ಆಟ ಕೊಂಡು ತಂದರು. ಮೊದಲಿನಿಂದ ಕೊನೆಯವರೆಗೆ ಆಡಿದರು. ಏಳು ಎಮರಾಲ್ಡ್‌ಗಳನ್ನೂ ಕೂಡಿಸಿದರು. ಆ ಗುಹೆ ಎಲ್ಲೂ ಸಿಗಲಿಲ್ಲ.

ಇವತ್ತು ನಾನು ಹೇಳಲು ಬಂದಿರುವುದು ಆ ಗುಹೆಯನ್ನು ಹುಡುಕಿದವರ ಕಥೆ. ಅವರು ಪ್ರೊಫೆಸರ್‌ಗಳಲ್ಲ. ಸೆಗಾ ನೌಕರರೂ ಅಲ್ಲ. ಆಟ ಇಷ್ಟಪಟ್ಟವರು, ಅಷ್ಟೇ. ಆದರೆ ಕಳೆದ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಅವರು ಮಾಡಿರುವ ಕೆಲಸ ಯಾವ ಸಂಶೋಧನೆಗೂ ಕಮ್ಮಿಯಿಲ್ಲ. ಅವರು ಏನೇನು ಹುಡುಕಿದರು ಅನ್ನುವುದು ಗೊತ್ತಿರುವ ವಿಷಯ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ತಪ್ಪು ಗೊತ್ತಾದಾಗ ಅವರು ತಿದ್ದಿಕೊಂಡ ರೀತಿ. ಅದನ್ನೇ ಹಿಡಿದು ಮಾತಾಡುತ್ತೇನೆ.

ಹಿಡನ್ ಪ್ಯಾಲೇಸ್ ಪೂರ್ತಿ ಮಾಯವಾಗಿರಲಿಲ್ಲ. ಸುಳಿವುಗಳು ಉಳಿದಿದ್ದವು. ಸಾನಿಕ್ 2ರ ಆಪ್ಷನ್ಸ್ ಪುಟದಲ್ಲಿ ಸೌಂಡ್ ಟೆಸ್ಟ್ ಅಂತ ಒಂದಿದೆ. ನಂಬರ್ ಆರಿಸಿದರೆ ಆಟದ ಒಂದೊಂದು ಸಂಗೀತ ಕೇಳಿಸುತ್ತದೆ. ಅಲ್ಲಿ 19, 65, 9, 17 ಅಂತ ವರಸೆಯಾಗಿ ನುಡಿಸಿದರೆ ಬೇಕಾದ ಲೆವೆಲ್‌ಗೆ ನೇರ ಹೋಗುವ ಗುಟ್ಟಿನ ಪಟ್ಟಿ ತೆರೆಯುತ್ತದೆ. 1965ರ ಸೆಪ್ಟೆಂಬರ್ 17 ಈ ಆಟದ ಮುಖ್ಯ ಪ್ರೋಗ್ರಾಮರ್ ಯುಜಿ ನಾಕಾ ಅವರ ಹುಟ್ಟಿದ ದಿನ. ಇನ್ನೊಂದು ಗುಟ್ಟಿನ ಸಂಖ್ಯೆ 1, 9, 9, 2, 1, 1, 2, 4. ಅದು ಆಗಲೇ ಹೇಳಿದ ಬಿಡುಗಡೆಯ ದಿನ. ಈ ಎರಡನೆಯದು ಡಿಬಗ್ ಮೋಡ್ ತೆರೆಯುತ್ತದೆ. ಅಂದರೆ ಆಟ ಕಟ್ಟುವವರು ಬಳಸುತ್ತಿದ್ದ ಉಪಕರಣವೇ ನಮ್ಮ ಕೈಗೆ ಬರುತ್ತದೆ.

ಆ ಪಟ್ಟಿಯಲ್ಲೂ ಹಿಡನ್ ಪ್ಯಾಲೇಸ್ ಇರಲಿಲ್ಲ. ಆದರೆ ಸೌಂಡ್ ಟೆಸ್ಟ್‌ನಲ್ಲಿ 10 ಹಾಕಿದರೆ ಒಂದು ರಾಗ ಕೇಳಿಸುತ್ತಿತ್ತು. ಇಡೀ ಆಟದಲ್ಲಿ ಎಲ್ಲೂ ಬಾರದ ರಾಗ. ಮತ್ತೆ ಕಾರ್ಟ್ರಿಡ್ಜ್‌ಗೆ, ಅಂದರೆ ಆಟ ತುಂಬಿದ ಪುಟ್ಟ ಪೆಟ್ಟಿಗೆಗೆ, ಸಿಕ್ಕಿಸುವ ಚೀಟ್ ಸಾಧನಗಳು ಆಗ ಸಿಗುತ್ತಿದ್ದವು. ಅವುಗಳಿಂದ ಲೆವೆಲ್ ನಂಬರ್ ಬದಲಿಸಿದವರಿಗೆ ಪರದೆ ಮೇಲೆ 'ಹಿಡನ್ ಪ್ಯಾಲೇಸ್' ಅನ್ನುವ ಹೆಸರು ಬಂತು! ಮುಂದಿನ ಕ್ಷಣ ಕಾಲಿಡಲು ನೆಲವೇ ಇಲ್ಲದೆ ಸಾನಿಕ್ ಕೆಳಗೆ ಬಿದ್ದು ಸಾಯುತ್ತಿದ್ದ. ಹಿನ್ನೆಲೆಯಲ್ಲಿ ಅದೇ 10ನೇ ನಂಬರಿನ ರಾಗ. ಮನೆ ಕೆಡವಿ ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ಬಿಟ್ಟು ಹೋದ ಹಾಗೆ.

ಈ ಹೊತ್ತಿಗೆ ನೀವು ಕೇಳಬಹುದು, ಕಟ್ಟಿದ ಲೆವೆಲ್‌ ಅನ್ನು ಯಾಕೆ ತೆಗೆದರು ಅಂತ. ಸಾನಿಕ್ 2 ತಯಾರಾದದ್ದು ಜಪಾನ್‌ನಲ್ಲಲ್ಲ, ಕ್ಯಾಲಿಫೋರ್ನಿಯಾದಲ್ಲಿ. ಮಾರ್ಕ್ ಸರ್ನಿ ಶುರುಮಾಡಿದ ಸೆಗಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ. ಜಪಾನಿನಿಂದ ಬಂದ ನಾಕಾ, ಲೆವೆಲ್ ಕಟ್ಟುವ ಹಿರೋಕಾಜು ಯಾಸುಹಾರಾ ಮೊದಲಾದವರು ಅಮೆರಿಕದ ಕಲಾವಿದರ ಜೊತೆ ಕೂತು ಮಾಡಿದ ಆಟ. ಹಿಡನ್ ಪ್ಯಾಲೇಸ್‌ನ ಚಿತ್ರ ಬರೆದದ್ದು ಕ್ರೇಗ್ ಸ್ಟಿಟ್. ಕಾರ್ಟ್ರಿಡ್ಜ್‌ನಲ್ಲಿ ಇದ್ದ ಜಾಗ 1 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದು. ಬಿಡುಗಡೆಯ ದಿನ ಮೊದಲೇ ನಿಗದಿಯಾಗಿತ್ತು. ಜಾಗ ಕಮ್ಮಿ, ದಿನ ಕಮ್ಮಿ. ಯಾವುದನ್ನೋ ಬಿಡಲೇಬೇಕಿತ್ತು.

ಬಿಟ್ಟದ್ದು ಕಸದ ಬುಟ್ಟಿಗೆ ಹೋಗಬೇಕಿತ್ತು. ಆದರೆ ಆಟ ಮುಗಿಯುವ ಮೊದಲೇ ಅದನ್ನು ಪ್ರದರ್ಶನಗಳಿಗೆ, ಪತ್ರಿಕೆಗಳಿಗೆ, ಪರೀಕ್ಷೆ ಮಾಡುವವರಿಗೆ ಕಳಿಸುತ್ತಾರಲ್ಲ. ಅವತ್ತಿನ ಸ್ಥಿತಿಯಲ್ಲಿ ಆಟ ಹೇಗಿತ್ತೋ ಹಾಗೇ ಒಂದು ಪ್ರತಿ ಮಾಡಿ ಕೊಡುತ್ತಿದ್ದರು. ಇದನ್ನೇ ಪ್ರೋಟೋಟೈಪ್ ಅನ್ನುತ್ತೇವೆ. ಅಂಥ ಒಂದು ಸಾನಿಕ್ 2 ಪ್ರತಿ 1992ರಲ್ಲಿ ನ್ಯೂಯಾರ್ಕ್‌ನ ಆಟಿಕೆ ಮೇಳದಿಂದ ಕಳುವಾಯಿತು ಅಂತ ನಾಕಾ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾರೆ. ಮುಗಿಯದ ಆಟದ ಕಳ್ಳ ಕಾರ್ಟ್ರಿಡ್ಜ್‌ಗಳು ಹಾಗೆ ಮಾರುಕಟ್ಟೆಗೆ ಬಂದವು. ಚಿಕ್ಕಂದಿನಲ್ಲಿ ಅದನ್ನು ಆಡಿದವರೂ ಇದ್ದರು. ದೊಡ್ಡವರಾದ ಮೇಲೆ 'ನಾನು ಆ ಗುಹೆಯಲ್ಲಿ ಓಡಿದ್ದೇನೆ' ಅಂದರೆ ಯಾರು ನಂಬುತ್ತಾರೆ? ಕೈಯಲ್ಲಿ ಸಾಕ್ಷಿ ಇಲ್ಲ.

ಸಾಕ್ಷಿ ಸಿಕ್ಕಿದ್ದು 1999ರಲ್ಲಿ. ಅಭಿಮಾನಿಯೊಬ್ಬರಿಗೆ ಚೀನೀ ಭಾಷೆಯ ಒಂದು ವೆಬ್‌ಸೈಟ್‌ನಲ್ಲಿ ಆ ಪ್ರತಿಯ ಫೈಲ್ ಸಿಕ್ಕಿತು. ತೆರೆದು ನೋಡಿದರೆ ಹಿಡನ್ ಪ್ಯಾಲೇಸ್ ಅಲ್ಲಿತ್ತು. ಹೊಳೆಯುವ ಹರಳುಗಳು, ಡೈನೋಸಾರ್‌ನಂಥ ಶತ್ರುಗಳು, ದಾರಿಯಲ್ಲಿ ಒಂದು ದೊಡ್ಡ ಹಸಿರು ರತ್ನ. ಲೆವೆಲ್ ಪೂರ್ತಿಯಾಗಿರಲಿಲ್ಲ. ಸ್ವಲ್ಪ ದೂರ ಹೋದರೆ ಮುಂದೆ ದಾರಿಯೇ ಇಲ್ಲ. ಆದರೂ ಏಳು ವರ್ಷ ಬರೀ ಚಿತ್ರದಲ್ಲಿದ್ದ ಜಾಗದಲ್ಲಿ ಕಾಲಿಡಬಹುದಿತ್ತು. ನನಗೆ ಇವತ್ತಿಗೂ ಆ ಅರ್ಧ ಕಟ್ಟಿದ ಗುಹೆ ಮುಗಿದ ಎಷ್ಟೋ ಲೆವೆಲ್‌ಗಳಿಗಿಂತ ಪ್ರೀತಿಯದ್ದು.

ಒಂದು ವಿಷಯ ಗಮನಿಸಿ. ಈ ಹಳೆಯ ಪ್ರತಿಯಲ್ಲಿ ಹಿಡನ್ ಪ್ಯಾಲೇಸ್‌ಗೆ ಬರುವುದು 10ನೇ ನಂಬರಿನ ರಾಗವಲ್ಲ. ಬೇರೆಯೇ ರಾಗ. ಮುಗಿದ ಆಟದಲ್ಲಿ ಅದು ಮಿಸ್ಟಿಕ್ ಕೇವ್ ಲೆವೆಲ್ಲನ್ನು ಇಬ್ಬರು ಆಡುವಾಗ ಕೇಳಿಸುತ್ತದೆ. ಹಾಗಾದರೆ ಹಿಡನ್ ಪ್ಯಾಲೇಸ್‌ನ ನಿಜವಾದ ರಾಗ ಯಾವುದು? ಇದರ ಮೇಲೆ ಬಹಳ ವಾದ ನಡೆದಿದೆ. ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ಆ ಪ್ರತಿ ಮಾಡಿದ ದಿನ ಒಂದು ರಾಗ ಇತ್ತು. ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿತ್ತು. ಎರಡೂ ನಿಜ. ಬೇರೆ ಬೇರೆ ತಿಂಗಳಿನ ನಿಜ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ.

1992ರ ಪತ್ರಿಕೆಗಳಲ್ಲಿ ಇನ್ನೊಂದು ಚಿತ್ರವೂ ಬಂದಿತ್ತು. ಮರುಭೂಮಿ. ಕಳ್ಳಿ ಗಿಡಗಳು. ಇದೂ ಮುಗಿದ ಆಟದಲ್ಲಿಲ್ಲ. ಬೇರೆ ಕಡೆಯಿಂದ ಡಸ್ಟ್ ಹಿಲ್ ಅನ್ನುವ ಹೆಸರೂ ಅಭಿಮಾನಿಗಳ ಕಿವಿಗೆ ಬಿದ್ದಿತ್ತು. ಧೂಳಿನ ಗುಡ್ಡ. ಮರುಭೂಮಿಯ ಚಿತ್ರ ಒಂದು ಕೈಯಲ್ಲಿ, ಧೂಳಿನ ಗುಡ್ಡ ಅನ್ನುವ ಹೆಸರು ಇನ್ನೊಂದು ಕೈಯಲ್ಲಿ. ಎರಡನ್ನೂ ಜೋಡಿಸದೆ ಇರಲು ಯಾರಿಗೆ ಸಾಧ್ಯ? ಎಲ್ಲರೂ ಜೋಡಿಸಿದರು. ಡಸ್ಟ್ ಹಿಲ್ ಅಂದರೆ ಮರುಭೂಮಿ ಲೆವೆಲ್ ಅಂತ ಗಟ್ಟಿಯಾಗಿಬಿಟ್ಟಿತು.

ಪ್ರೋಟೋಟೈಪ್ ಸಿಕ್ಕಿದಾಗ ಅದರ ಲೆವೆಲ್ ಪಟ್ಟಿಯಲ್ಲಿ ಡಸ್ಟ್ ಹಿಲ್ ಇತ್ತು. ಆರಿಸಿದರೆ ತೆರೆದದ್ದು ಗುಹೆ. ಕತ್ತಲೆಯ, ಬಳ್ಳಿ ಇಳಿಬಿಟ್ಟ ಗುಹೆ. ನಾವು ಮಿಸ್ಟಿಕ್ ಕೇವ್ ಅಂತ ಆಡಿದ ಲೆವೆಲ್ಲೇ ಅದು. ಹಳೆಯ ಹೆಸರು ಡಸ್ಟ್ ಹಿಲ್ ಆಗಿತ್ತು, ಅಷ್ಟೇ. ಹಾಗಾದರೆ ಮರುಭೂಮಿ? ಈವರೆಗೆ ಸಿಕ್ಕಿರುವ ಒಂದು ಪ್ರತಿಯಲ್ಲೂ ಅದರ ಲೆವೆಲ್ ಇಲ್ಲ. ಪತ್ರಿಕೆಯಲ್ಲಿ ಬಂದದ್ದು ಆಟದ ಪರದೆಯಿಂದ ತೆಗೆದ ಚಿತ್ರವೇ ಅಲ್ಲ, ಲೆವೆಲ್ ಹೀಗಿರಬಹುದು ಅಂತ ತೋರಿಸಲು ಕಲಾವಿದರು ಬರೆದ ನಮೂನೆ.

ಒಂದು ಹೆಸರು, ಒಂದು ಚಿತ್ರ. ಎರಡೂ ಅಸಲಿ. ಜೋಡಿಸಿದ್ದು ಮಾತ್ರ ತಪ್ಪು. ನಾನು ಈ ಉದಾಹರಣೆಯನ್ನು ಹೊಸಬರಿಗೆ ಮೊದಲು ಹೇಳುತ್ತೇನೆ. ಸುಳ್ಳು ಸಾಕ್ಷಿಯಿಂದ ತಪ್ಪು ತೀರ್ಮಾನ ಬರುವುದು ಸಹಜ. ನಿಜವಾದ ಎರಡು ಸಾಕ್ಷಿಗಳನ್ನು ಇಟ್ಟುಕೊಂಡೂ ತಪ್ಪಬಹುದು. ಅಭಿಮಾನಿಗಳು ಏನು ಮಾಡಿದರು ಗೊತ್ತಾ? ವರ್ಷಗಟ್ಟಲೆ ತಾವೇ ಬರೆದಿಟ್ಟಿದ್ದ ವಿವರಗಳನ್ನು ಹೊಡೆದುಹಾಕಿ ಮತ್ತೆ ಬರೆದರು. ಹಳೆಯ ನಂಬಿಕೆ ಏನಿತ್ತು, ಯಾಕಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆದಿಟ್ಟರು. ಇದು ಸಣ್ಣ ವಿಷಯವಲ್ಲ.

ಜೆನೊಸೈಡ್ ಸಿಟಿ ಎಂಬ ಲೆವೆಲ್‌ ಕಥೆಯೂ ಹೀಗೇ. ಪಟ್ಟಿಯಲ್ಲಿ ಹೆಸರಿದೆ. ಒಳಗೆ ಏನೂ ಇಲ್ಲ, ಸಾನಿಕ್ ನೇರ ಬೀಳುತ್ತಾನೆ. ಆದರೆ ಅದಕ್ಕೆ ಹಾಕಿದ್ದ ದಾರಿಗಳ ನಕ್ಷೆ ವ್ಯರ್ಥವಾಗಲಿಲ್ಲ. ಮೆಟ್ರೊಪೊಲಿಸ್ ಲೆವೆಲ್‌ನ ಮೂರನೇ ಭಾಗವಾಯಿತು. ಸಾನಿಕ್ 2ರಲ್ಲಿ ಮೂರು ಭಾಗ ಇರುವ ಲೆವೆಲ್ ಅದೊಂದೇ. ಆಡುವಾಗ ಯಾಕೆ ಇದು ಮುಗಿಯುತ್ತಲೇ ಇಲ್ಲ ಅಂತ ಅನ್ನಿಸಿದ್ದರೆ, ಕಾರಣ ಇಲ್ಲಿದೆ.

ಈ ಪ್ರತಿಗಳು ಯಾವ ರೂಪದಲ್ಲಿ ಸಿಗುತ್ತವೆ ಅನ್ನುವುದನ್ನೂ ಹೇಳಬೇಕು. ಅದು ಗೊತ್ತಾದರೆ ಯಾಕಿಷ್ಟು ಅವಸರ ಅಂತಲೂ ಗೊತ್ತಾಗುತ್ತದೆ.

ಆ ಕಾಲದ ಪ್ರೋಟೋಟೈಪ್‌ಗಳಲ್ಲಿ ಹೆಚ್ಚಿನವು ಎಪ್ರಾಮ್ ಚಿಪ್‌ಗಳಲ್ಲಿರುತ್ತಿದ್ದವು. ಹಸಿರು ಬೋರ್ಡು, ಅದರ ಮೇಲೆ ಸಾಲಾಗಿ ಚಿಪ್‌ಗಳು. ಒಂದೊಂದರ ಬೆನ್ನಿನ ಮೇಲೂ ಚಿಕ್ಕ ಗಾಜಿನ ಕಿಟಕಿ. ಆ ಕಿಟಕಿಗೆ ಅಲ್ಟ್ರಾವೈಲೆಟ್ ಬೆಳಕು ಹಿಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ, ಸ್ಲೇಟು ಒರೆಸಿದ ಹಾಗೆ. ಮತ್ತೆ ಹೊಸದನ್ನು ಬರೆಯಬಹುದು. ಕಂಪನಿಗಳಿಗೆ ಇದು ಅನುಕೂಲ. ಒಂದೇ ಚಿಪ್‌ ಅನ್ನು ಮತ್ತೆ ಮತ್ತೆ ಬಳಸಬಹುದು. ಎಷ್ಟೋ ಹಳೆಯ ಪ್ರತಿಗಳು ಹೀಗೇ ಹೋಗಿವೆ. ಯಾರೂ ಬೇಕು ಅಂತ ಹಾಳು ಮಾಡಲಿಲ್ಲ, ಮರುದಿನದ ಕೆಲಸಕ್ಕೆ ಚಿಪ್ ಬೇಕಿತ್ತು.

ಬೆಳಕು ಬೀಳದಿರಲಿ ಅಂತ ಕಿಟಕಿಯ ಮೇಲೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಅದರ ಮೇಲೆ ಪೆನ್ನಿನಲ್ಲಿ ಆಟದ ಹೆಸರು, ದಿನಾಂಕ. ನಮಗೆ ಆ ಸ್ಟಿಕ್ಕರ್ ದೊಡ್ಡ ಆಸ್ತಿ. ಯಾವುದೇ ಕಾರಣಕ್ಕೂ ಕೀಳಬಾರದು. ಅಂಟು ಒಣಗಿದ್ದರೆ ಮೊದಲು ಫೋಟೋ ತೆಗೆದು, ಆಮೇಲೆ ಮೇಲೊಂದು ಟೇಪ್ ಹಾಕಬೇಕು.

ಕತ್ತಲಲ್ಲಿ ಇಟ್ಟರೂ ಚಿಪ್ ಶಾಶ್ವತವಲ್ಲ. ಒಳಗೆ ಬರಹ ಅಂದರೆ ಹಿಡಿದಿಟ್ಟ ವಿದ್ಯುತ್ತು. ವರ್ಷಗಳು ಕಳೆದಂತೆ ಅದು ಸೋರುತ್ತದೆ. 0 ಇದ್ದಲ್ಲಿ 1 ಆಗಿಬಿಡುತ್ತದೆ. ಬಿಟ್ ರಾಟ್ ಅನ್ನುತ್ತಾರೆ ಇದಕ್ಕೆ. 1992ರ ಚಿಪ್‌ಗೆ ಈಗ ಮೂವತ್ತು ವರ್ಷ ದಾಟಿದೆ. ಅದಕ್ಕೇ ಡಂಪ್ ಮಾಡುವುದು, ಅಂದರೆ ಚಿಪ್‌ನಲ್ಲಿರುವುದನ್ನು ಓದಿ ಫೈಲ್ ಮಾಡಿಕೊಳ್ಳುವುದು, ತಡಮಾಡುವ ಕೆಲಸವಲ್ಲ. ಒಂದು ಸಲ ಓದಿದರೆ ಸಾಲದು. ಹಲವು ಸಲ ಓದಿ, ಎಲ್ಲ ಸಲವೂ ಒಂದೇ ಬಂತಾ ಅಂತ ಹೋಲಿಸಬೇಕು. ಒಂದು ಬೈಟ್ ಬೇರೆ ಬಂದರೂ ಆ ಚಿಪ್ ಸುಸ್ತಾಗಿದೆ ಅಂತ ಅರ್ಥ.

ಫೈಲ್ ಕೈಗೆ ಬಂದ ಮೇಲೆ ನಿಜವಾದ ಓದು ಶುರು. ಸಾನಿಕ್ 2 ಓಡುವ ಸೆಗಾ ಯಂತ್ರದ ಹೆಸರು ಮೆಗಾ ಡ್ರೈವ್. ಅದರ ಆಟಗಳ ಫೈಲ್‌ನ ಆರಂಭದಲ್ಲೇ ಹೆಡರ್ ಅಂತ ಇರುತ್ತದೆ. ಕಂಪನಿಯ ಹೆಸರು, ವರ್ಷ, ತಿಂಗಳು, ಆಟದ ಹೆಸರು, ಚೆಕ್‌ಸಮ್ ಎಂಬ ತಾಳೆಯ ಸಂಖ್ಯೆ. ಪುಸ್ತಕದ ಮೊದಲ ಪುಟದ ಹಾಗೆ. ಆದರೆ ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಹಳೆಯ ಆಟದ ಮೇಲೆ ಹೊಸ ಆಟ ಕಟ್ಟುವಾಗ ಹಳೆಯ ಹೆಡರ್ ಹಾಗೇ ಉಳಿದಿರಬಹುದು. ಆಮೇಲೆ ಒಂದು ಪ್ರತಿಯ ಪಕ್ಕ ಇನ್ನೊಂದನ್ನು ಇಟ್ಟು ಬೈಟ್ ಬೈಟ್ ಹೋಲಿಸುತ್ತೇವೆ. ಈ ಉಂಗುರ ಇಲ್ಲಿತ್ತು, ಈಗ ಅಲ್ಲಿದೆ. ಈ ಶತ್ರುವಿನ ಬಣ್ಣ ಬದಲಾಗಿದೆ. ಈ ಸೇತುವೆ ಇನ್ನೂ ಬಂದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಪ್ರತಿಯಲ್ಲಿ ನೀರಿನ ಬಣ್ಣ ಬೇರೆ ಇದೆ ಅಂತ ನಾನು ಎರಡು ಪುಟ ಟಿಪ್ಪಣಿ ಬರೆದಿದ್ದೆ. ಚಿತ್ರಗಳ ಸಮೇತ. ಇನ್ನೊಬ್ಬರು ಅದನ್ನು ಓದಿ, ಅದೇ ಪ್ರತಿಯನ್ನು ನಿಜವಾದ ಯಂತ್ರದಲ್ಲಿ ಓಡಿಸಿ ನೋಡಿದರು. ಬಣ್ಣ ಮಾಮೂಲಿ ಇತ್ತು. ತಪ್ಪು ನಾನು ಬಳಸಿದ ಎಮ್ಯುಲೇಟರ್‌ನ, ಅಂದರೆ ಹಳೆಯ ಯಂತ್ರದ ಹಾಗೆ ನಟಿಸುವ ಕಂಪ್ಯೂಟರ್ ಪ್ರೋಗ್ರಾಮ್‌ನ, ಸೆಟ್ಟಿಂಗ್‌ನಲ್ಲಿತ್ತು. ಅವರು ಬೈಯಲಿಲ್ಲ. 'ಯಂತ್ರದಲ್ಲಿ ಓಡಿಸಿದ ವೀಡಿಯೊ ಕಳಿಸಿದ್ದೇನೆ, ನೋಡಿ' ಅಂದರು. ಟಿಪ್ಪಣಿ ತೆಗೆದುಹಾಕಿದೆ. ಅವತ್ತಿನಿಂದ ಏನನ್ನು ಬರೆದರೂ ಯಾವುದರಲ್ಲಿ ಓಡಿಸಿ ನೋಡಿದೆ ಅಂತ ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ಹೆಸರಿನ ವಿಷಯದಲ್ಲೂ ಹೀಗೊಂದು ಬದಲಾವಣೆ ಆಗಿದೆ. ಮೊದಲು ಎಲ್ಲವನ್ನೂ 'ಬೀಟಾ' ಅಂತ ಕರೆಯುತ್ತಿದ್ದೆವು. ಸಾನಿಕ್ 2 ಬೀಟಾ. ಆಮೇಲೆ ಇನ್ನೊಂದು ಪ್ರತಿ ಬಂತು. ನಿಕ್ ಆರ್ಕೇಡ್ ಅಂತ ಅಮೆರಿಕದಲ್ಲಿ ಮಕ್ಕಳ ಟಿವಿ ಕಾರ್ಯಕ್ರಮ ಇತ್ತು. 1992ರಲ್ಲಿ ಅದರಲ್ಲಿ ಮಕ್ಕಳಿಗೆ ಸಾನಿಕ್ 2ರ ಬಹಳ ಹಳೆಯ ರೂಪವನ್ನು ಆಡಿಸಿದ್ದರು. ಅಭಿಮಾನಿಗಳು ಟಿವಿಯಿಂದ ರೆಕಾರ್ಡ್ ಆದ ಆ ಮಸುಕು ದೃಶ್ಯಗಳನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡುತ್ತಿದ್ದರು. ಅಂಥ ಹಳೆಯ ಪ್ರತಿಯೇ 2006ರಲ್ಲಿ ಸಿಕ್ಕಿತು. ಮೊದಲ ಸಾನಿಕ್ ಆಟದ ಮೇಲೆಯೇ ಎರಡನೆಯದನ್ನು ಕಟ್ಟುತ್ತಿದ್ದ ಕಾಲದ್ದು. 2008ರಲ್ಲಿ ಸೆಗಾ ಆಟಗಳ ನೂರಾರು ಪ್ರೋಟೋಟೈಪ್‌ಗಳು ಒಟ್ಟಿಗೇ ಹೊರಬಂದವು. ಅವುಗಳಲ್ಲಿ 1992ರ ಸೆಪ್ಟೆಂಬರ್‌ನ ಸಾನಿಕ್ 2 ಪ್ರತಿಗಳೂ ಇದ್ದವು. ಕೆಲವಕ್ಕೆ ನಡುವೆ ಕೆಲವೇ ದಿನಗಳ ಅಂತರ. ಇವನ್ನೆಲ್ಲ ಬೀಟಾ 1, ಬೀಟಾ 2 ಅಂತ ಕರೆದರೆ ನಡುವೆ ಇನ್ನೊಂದು ಸಿಕ್ಕಿದಾಗ ಏನು ಮಾಡುವುದು? ಈಗ ದಿನಾಂಕ ಗೊತ್ತಿದ್ದರೆ ದಿನಾಂಕದಿಂದಲೇ ಕರೆಯುತ್ತೇವೆ. ಕೇಳಲು ಸಪ್ಪೆ. ಆದರೆ ಸರಿ.

ಸಾನಿಕ್ 3ರ ಸಂಗತಿ ಇನ್ನೂ ದೊಡ್ಡದು. ಆ ಆಟ ಬಂದದ್ದು 1994ರಲ್ಲಿ. 1997ರಲ್ಲಿ ಅದು ಕಂಪ್ಯೂಟರ್‌ಗೆ ಬಂದಾಗ ಕಾರ್ನಿವಲ್ ನೈಟ್, ಐಸ್‌ಕ್ಯಾಪ್, ಲಾಂಚ್ ಬೇಸ್ ಲೆವೆಲ್‌ಗಳ ಸಂಗೀತ ಬದಲಾಗಿತ್ತು. ಯಾಕೆ? ಮೂಲ ಸಂಗೀತದಲ್ಲಿ ಮೈಕೆಲ್ ಜಾಕ್ಸನ್ ಕೈವಾಡ ಇತ್ತು, ಆ ಹಕ್ಕಿನ ತೊಂದರೆಯಿಂದ ಬೇರೆ ಸಂಗೀತ ಮಾಡಿಸಿ ಹಾಕಿದ್ದಾರೆ ಅಂತ ಎಲ್ಲರೂ ತಿಳಿದಿದ್ದರು. ಹೊಸ ಸಂಗೀತ ಅಂದರೆ 'ಆಮೇಲಿನದು' ಅಂತಲೇ ಇಪ್ಪತ್ತು ವರ್ಷ ಬರೆದೆವು.

2019ರ ನವೆಂಬರ್‌ನಲ್ಲಿ 1993ರ ನವೆಂಬರ್ 3ರ ದಿನಾಂಕದ ಸಾನಿಕ್ 3 ಪ್ರತಿ ಬಂತು. ಬಿಡುಗಡೆ ಮಾಡಿದ ತಂಡದ ಹೆಸರು ಹಿಡನ್ ಪ್ಯಾಲೇಸ್. ಹೌದು, ಆ ಗುಹೆಯ ಹೆಸರನ್ನೇ ಇಟ್ಟುಕೊಂಡವರು. ಪ್ರತಿಯನ್ನು ಓಡಿಸಿದರೆ ಆ ಲೆವೆಲ್‌ಗಳಲ್ಲಿ ಕೇಳಿಸಿದ್ದು ಕಂಪ್ಯೂಟರ್ ಆವೃತ್ತಿಯ ಸಂಗೀತ! ಅಂದರೆ ಆಮೇಲಿನದು ಅಂತ ನಾವು ತಿಳಿದದ್ದು ಮೊದಲಿನದಾಗಿತ್ತು. ಮೊದಲು ಅದು ಇತ್ತು. ಆಮೇಲೆ ಬದಲಾಯಿತು. ಕಂಪ್ಯೂಟರ್‌ಗೆ ತರುವಾಗ ಹಳೆಯದಕ್ಕೇ ಮರಳಿದರು. ಕಾಲದ ಬಾಣದ ಗುರುತನ್ನೇ ತಿರುಗಿಸಿ ಬರೆಯಬೇಕಾಯಿತು.

ಐಸ್‌ಕ್ಯಾಪ್ ಲೆವೆಲ್‌ನ ಪ್ರಸಿದ್ಧ ರಾಗದ್ದು ಬೇರೆಯೇ ದಾರಿ. ಅದು ದ ಜೆಟ್‌ಜನ್ಸ್ ಎಂಬ ಬ್ಯಾಂಡ್ 1980ರ ದಶಕದಲ್ಲಿ ಮಾಡಿದ್ದ 'ಹಾರ್ಡ್ ಟೈಮ್ಸ್' ಹಾಡಿನಿಂದ ಬಂದದ್ದು ಅಂತ 2013ರಲ್ಲಿ ಅಭಿಮಾನಿಗಳು ಗುರುತಿಸಿದರು. ಆ ಬ್ಯಾಂಡ್‌ನಲ್ಲಿದ್ದ ಬ್ರ್ಯಾಡ್ ಬಕ್ಸರ್ ಆಮೇಲೆ ಮೈಕೆಲ್ ಜಾಕ್ಸನ್ ಜೊತೆ ಕೆಲಸ ಮಾಡಿದವರು. ಒಂದು ಎಳೆ ಎಳೆದರೆ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.

ಸಾನಿಕ್ ಬಿಟ್ಟು ಒಂದೇ ಒಂದು ಉದಾಹರಣೆ. 2021ರ ಜನವರಿಯದ್ದು. ನಿಂಟೆಂಡೊ 64ರ ಎಫ್-ಜೀರೋ ಎಕ್ಸ್ ಎಂಬ ರೇಸಿಂಗ್ ಆಟದ ಒಂದು ಡೆವಲಪ್‌ಮೆಂಟ್ ಕಾರ್ಟ್ರಿಡ್ಜ್ ಸಿಕ್ಕಿತ್ತು. ಆಟದ ಗಾತ್ರ 16 ಎಂಬಿ. ಕಾರ್ಟ್ರಿಡ್ಜ್ 32 ಎಂಬಿಯದ್ದು. ಉಳಿದ ಅರ್ಧವನ್ನು ಕೆಲವರು ಖಾಲಿ ಅಂತ ಬಿಟ್ಟುಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ, ಪೂರ್ತಿ ಓದಿದರು. ಆ ಕಾರ್ಟ್ರಿಡ್ಜ್‌ನಲ್ಲಿ ಮೊದಲು ಇನ್ನೊಂದು ಆಟ ಬರೆದಿದ್ದರು. ಅದರ ಮೇಲೆ ರೇಸಿಂಗ್ ಆಟ ಬರೆದಾಗ ಮೊದಲ ಅರ್ಧ ಮಾತ್ರ ಅಳಿಸಿತ್ತು. ಉಳಿದ ಅರ್ಧದಲ್ಲಿದ್ದದ್ದು ನಿಂಟೆಂಡೊದ ಹೆಸರಾಂತ ಸಾಹಸ ಆಟಗಳ ಸರಣಿ ಜೆಲ್ಡಾ. ಆ ಸರಣಿಯ 'ಒಕರಿನಾ ಆಫ್ ಟೈಮ್' ಬಿಡುಗಡೆಗೆ ಒಂದು ವರ್ಷ ಮೊದಲು, 1997ರಲ್ಲಿ ಜಪಾನಿನ ಸ್ಪೇಸ್‌ವರ್ಲ್ಡ್ ಪ್ರದರ್ಶನದ ಕಾಲಕ್ಕೆ ಆ ಆಟ ಹೇಗಿತ್ತೋ ಅದರ ಚೂರುಗಳು. ಬೇರೆ ರೂಪದ ಜಾಗಗಳು, ಮುಗಿದ ಆಟದಲ್ಲಿಲ್ಲದ ವಸ್ತುಗಳ ಚಿತ್ರಗಳು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಖಾಲಿ ಅಂದುಕೊಂಡ ಜಾಗವನ್ನೂ ಪೂರ್ತಿ ಓದಿದ ಆ ಕೈಗೆ ನಾನು ನಮಸ್ಕಾರ ಮಾಡುತ್ತೇನೆ.

ಕಷ್ಟದ ಮಾತನ್ನೂ ಆಡಬೇಕು. ಈ ಪ್ರತಿಗಳು ದುಬಾರಿ. ಅಪರೂಪದವನ್ನು ಸಾವಿರಾರು ಡಾಲರ್ ಕೊಟ್ಟು ಕೊಳ್ಳುವವರಿದ್ದಾರೆ. ಕೊಂಡವರಲ್ಲಿ ಕೆಲವರು ಡಂಪ್ ಮಾಡಲು ಕೊಡುವುದಿಲ್ಲ. ಫೈಲ್ ಎಲ್ಲರಿಗೂ ಸಿಕ್ಕರೆ ಬೆಲೆ ಇಳಿಯುತ್ತದೆ ಅನ್ನುವ ಭಯ. ಅವರ ಮೇಲೆ ಕೂಗಾಡುವವರನ್ನು ನೋಡಿದ್ದೇನೆ. ಕೂಗಾಡಿದ್ದರಿಂದ ಬಾಗಿಲು ತೆರೆದದ್ದನ್ನು ಮಾತ್ರ ನೋಡಿಲ್ಲ. ಎಲ್ಲರೂ ಸೇರಿ ಚಂದಾ ಎತ್ತಿ ಕೊಂಡಿದ್ದಿದೆ. ವರ್ಷಗಟ್ಟಲೆ ಸ್ನೇಹದಿಂದ ಮಾತಾಡಿ ಒಪ್ಪಿಸಿದ್ದೂ ಇದೆ.

ಇನ್ನೊಂದು ಕಳ್ಳತನದ ಪ್ರಶ್ನೆ. 2020ರಲ್ಲಿ ನಿಂಟೆಂಡೊದ ಒಳಗಿನ ಫೈಲ್‌ಗಳು ಭಾರೀ ಪ್ರಮಾಣದಲ್ಲಿ ಹೊರಬಿದ್ದವು. ಹಳೆಯ ಆಟಗಳ ಬಗ್ಗೆ ಅದರಲ್ಲಿ ತುಂಬಾ ಇತ್ತು. ನಾನು ಇಲ್ಲಿ ಒಂದು ಗೆರೆ ಎಳೆದುಕೊಂಡಿದ್ದೇನೆ. 30 ವರ್ಷದ ಹಿಂದೆ ಮೇಳದಲ್ಲಿ ಜನರಿಗೆ ತೋರಿಸಿದ ಆಟದ ಪ್ರತಿ ಬೇರೆ. ಕೆಲಸ ಮಾಡಿದವರ ಖಾಸಗಿ ಪತ್ರ, ಮಾತುಕತೆ ಬೇರೆ. ಆಟ ಕಟ್ಟಿದವರ ಮೇಲಿನ ಗೌರವದಿಂದಲೇ ಈ ಕೆಲಸ ಶುರುವಾದದ್ದು ಅಲ್ವಾ? ಅವರ ಡ್ರಾಯರ್ ತೆಗೆದು ಕಾಗದ ಓದಿದರೆ ಆ ಗೌರವ ಎಲ್ಲಿ ಉಳಿಯಿತು?

ನನ್ನ ಮಾತು ಇಷ್ಟು. ಇನ್ನು ಬಂದ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಎದ್ದು ನಿಂತು ಕೇಳಿದರು: "ನಾವು ಓಲೆಗರಿ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸ್ತಿದ್ವಿ. ನೀವು ಮಾಡೋದೂ ಅದೇ ಅಲ್ವೇನಪ್ಪಾ?"

ಹೌದು ಸರ್, ಕೈಕೆಲಸ ಅದೇ. ಹೋಲಿಸುವುದು, ಗುರುತು ಹಾಕುವುದು, ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯುವುದು. ಆದರೆ ಒಂದು ವ್ಯತ್ಯಾಸ ಇದೆ ಅನ್ನಿಸುತ್ತದೆ. ಓಲೆಗರಿಯಲ್ಲಿ ಕವಿ ಬರೆದ ಮೇಲೆ ಪ್ರತಿ ಮಾಡಿದವರ ಕೈಯಲ್ಲಿ ಪಾಠ ಬದಲಾಗುತ್ತಾ ಬಂತು. ಅದಕ್ಕೇ ನೀವು ಹಿಂದೆ ಹಿಂದೆ ಹೋಗಿ ಕವಿಯ ಪಾಠವನ್ನು ಮುಟ್ಟಲು ನೋಡುತ್ತೀರಿ. ಇಲ್ಲಿ ಬದಲಿಸಿದ್ದು ಕಟ್ಟಿದವರೇ. ಹಿಂದೆ ಹೋದಷ್ಟೂ ಶುದ್ಧ ಪಾಠ ಸಿಗುವುದಿಲ್ಲ, ಅವರು ಹೊಡೆದುಹಾಕಿದ ಸಾಲು ಸಿಗುತ್ತದೆ. ಕವಿಯ ಕರಡು ಪುಸ್ತಕವೇ ಕೈಗೆ ಬಂದ ಹಾಗೆ. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಿಮ್ಮ ಪುಣ್ಯ ದೊಡ್ಡದು. ನಮಗೆ ಒಬ್ಬ ಹಳಗನ್ನಡ ಕವಿಯ ಕರಡೂ ಸಿಗಲಿಲ್ಲ" ಅಂದರು.

ಬೆಂಗಳೂರಿನ ಒಂದು ಗೇಮ್ ಸ್ಟುಡಿಯೊದಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬರು ಕೇಳಿದರು: "ನಮ್ಮಲ್ಲಿ ದಿನಾ ಹೊಸ ಬಿಲ್ಡ್, ಅಂದ್ರೆ ಆಟದ ಹೊಸ ಪ್ರತಿ, ಆಗುತ್ತೆ ಸರ್. ಹಳೇದು ಸರ್ವರ್‌ನಿಂದ ತಾನಾಗೇ ಡಿಲೀಟ್ ಆಗುತ್ತೆ. ಮುಂದೆ ನಮ್ಮ ಆಟಕ್ಕೆ ಹೀಗೆ ಹುಡುಕೋರು ಬಂದ್ರೆ ಏನು ಸಿಗುತ್ತೆ?"

ಏನೂ ಸಿಗುವುದಿಲ್ಲ. ಅದೇ ನನ್ನ ಚಿಂತೆ. 1992ರ ಚಿಪ್ ಯಾರದೋ ಮನೆಯ ಡಬ್ಬಿಯಲ್ಲಿ ಉಳಿಯಿತು. ಇವತ್ತಿನ ಬಿಲ್ಡ್‌ಗೆ ಡಬ್ಬಿಯೇ ಇಲ್ಲ. ಮೊಬೈಲ್ ಆಟವಂತೂ ಅಪ್‌ಡೇಟ್ ಆದ ಕ್ಷಣ ನಿನ್ನೆಯ ರೂಪ ಹೋಗಿಬಿಡುತ್ತದೆ. ನಿಮ್ಮ ಕಂಪನಿಯಲ್ಲಿ ಒಪ್ಪಿಗೆ ಕೇಳಿ ನೋಡಿ. ತಿಂಗಳಿಗೆ ಒಂದು ಬಿಲ್ಡ್, ದಿನಾಂಕ ಹಾಕಿ, ಬೇರೆ ಡಿಸ್ಕ್‌ನಲ್ಲಿ. ಜೊತೆಗೆ ಯಾವುದನ್ನು ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆದಿಡಿ. ಕಾರಣ ಬರೆದಿಡುವವರು ಬಹಳ ಕಮ್ಮಿ. ನಮಗೆ ಹೆಚ್ಚು ಕಾಡುವುದೂ ಅದೇ.

ಕೊನೆಗೆ ಏಳನೇ ಕ್ಲಾಸಿನ ಹುಡುಗನೊಬ್ಬ ಕೈ ಎತ್ತಿದ. "ಹಿಡನ್ ಪ್ಯಾಲೇಸ್‌ಗೆ ಈಗ ಹೋಗಬಹುದಾ?"

ಹೋಗಬಹುದು ಮರಿ. 2013ರ ಡಿಸೆಂಬರ್‌ನಲ್ಲಿ ಸಾನಿಕ್ 2 ಮೊಬೈಲ್‌ಗೆ ಹೊಸದಾಗಿ ಬಂತು. ಮಾಡಿದವರು ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಸೈಮನ್ ಥಾಮ್ಲಿ. ಇಬ್ಬರೂ ಈ ಅಭಿಮಾನಿಗಳ ಬಳಗದಿಂದಲೇ ಬಂದವರು. ಸೆಗಾ ಒಪ್ಪಿಗೆಯೊಂದಿಗೆ ಅವರು ಹಿಡನ್ ಪ್ಯಾಲೇಸ್ ಲೆವೆಲ್ಲನ್ನು ಪೂರ್ತಿ ಕಟ್ಟಿದರು. ಹಿನ್ನೆಲೆಗೆ ಆ 10ನೇ ನಂಬರಿನ ರಾಗ ಹಾಕಿದರು. ದಾರಿ ಎಲ್ಲಿಟ್ಟರು ಗೊತ್ತಾ? ಮಿಸ್ಟಿಕ್ ಕೇವ್‌ನ ಎರಡನೇ ಭಾಗದಲ್ಲಿ ಒಂದು ಗುಂಡಿ ಇದೆ. ಮೂಲ ಆಟದಲ್ಲಿ ಅದರ ತಳದಲ್ಲಿ ಮುಳ್ಳುಗಳು. ಬಿದ್ದರೆ ಮೇಲೆ ಬರಲು ಆಗುವುದೇ ಇಲ್ಲ. ಮುಳ್ಳು ತಾಗದ ಸೂಪರ್ ಸಾನಿಕ್ ಆಗಿದ್ದರೂ ಉಂಗುರಗಳು ಖಾಲಿಯಾಗುವವರೆಗೆ ಅಲ್ಲೇ ನಿಂತು ಸಾಯಬೇಕು. 1992ರಿಂದ ಎಷ್ಟು ಮಕ್ಕಳು ಆ ಗುಂಡಿಯಲ್ಲಿ ಬಿದ್ದು ಅತ್ತಿದ್ದಾರೋ.

ನನ್ನ ಹಳೆಯ ಫೋನಿನಲ್ಲಿ ಆ ಆವೃತ್ತಿ ಇನ್ನೂ ಇದೆ. ಲೆವೆಲ್ ತೆರೆದು ಹುಡುಗನ ಕೈಗೆ ಕೊಟ್ಟೆ. ಗುಂಡಿಯ ಅಂಚಿಗೆ ಬಂದಾಗ ಅವನು ಹಿಂದೆ ಸರಿದ. "ಬೀಳು" ಅಂದೆ. ಬಿದ್ದ. ಮುಳ್ಳು ಬರಲಿಲ್ಲ. ಪರದೆಯಲ್ಲಿ ಲೆವೆಲ್‌ನ ಹೆಸರು ಬಂತು. ಅವನು ಅದನ್ನು ಎಲ್ಲರಿಗೂ ಕೇಳಿಸುವ ಹಾಗೆ ಜೋರಾಗಿ ಓದಿದ.